ರಾಯರ ಬ್ಯಾಟಿಗೆ ನಮ್ಮಪ್ಪನ ತಂತಿ

ಬೈಗುಳದಿಂದ ನನಗೆ ಈ ಜನ್ಮದಲ್ಲಿ ಹೇಳಿಕೊಳ್ಳುವಂಥ ನಷ್ಟವೇನೂ ಆಗಿಲ್ಲ. ಚಿಕ್ಕಂದಿನಲ್ಲಿ ಕುರುಗೋಡಿನ ಮೇಷ್ಟ್ರು ಬೈದರು, ನಾಲ್ಕಕ್ಷರ ಬಂತು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನ್ನ ಉಸ್ತಾದ ಖಾದರ್ ಸಾಬರು ಬೈದರು, ಒಂದು ಕಸುಬು ಬಂತು. ಮದುವೆಯಾದ ಮೇಲೆ ಆ ಹೊಣೆಯನ್ನು ಹೆಂಡತಿ ಹುಲಿಗೆಮ್ಮ ವಹಿಸಿಕೊಂಡಳು, ಮನೆ ನಿಂತಿತು. ಆದರೆ ಒಂದೇ ಒಂದು ಸಲ, ಅದೂ ಮೈಕಿನಲ್ಲಿ, ಊರ ಜನರೆಲ್ಲರ ಎದುರಿಗೆ ಒಬ್ಬ ದೊಡ್ಡ ಮನುಷ್ಯ ನಮ್ಮನ್ನು ಬಾಯಿತುಂಬ ಹೊಗಳಿದ. ಆ ಪೆಟ್ಟಿನಿಂದ ನಾನು ಇನ್ನೂ ಸುಧಾರಿಸಿಕೊಳ್ಳುತ್ತಿದ್ದೇನೆ. ಈಗ ಯಾರಾದರೂ ನಗುನಗುತ್ತ ಹತ್ತಿರ ಬಂದು "ನಿಮ್ಮಂಥವರು ಅಪರೂಪ" ಎಂದು ಶುರು ಮಾಡಿದರೆ, ಬಾಗಿಲು ಯಾವ ಕಡೆ ಇದೆ ಎಂದು ಮೊದಲು ನೋಡಿಕೊಳ್ಳುತ್ತೇನೆ.

ನನ್ನ ಕಸುಬು ಟೆನಿಸ್ ಬ್ಯಾಟಿಗೆ ತಂತಿ ಕಟ್ಟುವುದಾಗಿತ್ತು. ಆಡುವವರು ಅದನ್ನು ಬ್ಯಾಟು ಎಂದರೆ ಮುಖ ಸಿಂಡರಿಸುತ್ತಿದ್ದರು, ಅದಕ್ಕೆ ಅವರದೇ ಒಂದು ಇಂಗ್ಲಿಷ್ ಹೆಸರಿತ್ತು. ಕೌಲ್ ಬಜಾರಿನಲ್ಲಿ ನಮಗೆಲ್ಲ ಅದು ಬ್ಯಾಟೇ. ಬಳ್ಳಾರಿಯ ಬಿಸಿಲಿನಲ್ಲಿ ನೆರಳು ಬಿಟ್ಟು ಹೊರಗೆ ಬಂದು ಚೆಂಡಿನ ಹಿಂದೆ ಓಡುವ ಬುದ್ಧಿ ನಮ್ಮವರಿಗೆ ತಾನಾಗಿ ಬರುವಂಥದ್ದಲ್ಲ. ಅದನ್ನು ದಂಡಿನ ಇಂಗ್ಲಿಷರು ತಂದು, ಕಲಿಸಿ, ತಾವು ತಣ್ಣನೆಯ ದೇಶಕ್ಕೆ ಹೊರಟುಹೋದರು. ಖಾದರ್ ಸಾಬರು ಆ ದಂಡಿನ ಸಾಹೇಬರ ಬ್ಯಾಟುಗಳಿಗೆ ತಂತಿ ಕಟ್ಟುತ್ತಿದ್ದವರು. ಒಂದು ದಬ್ಬಣ, ಒಂದು ಇಕ್ಕಳ, ತಂತಿ ಸುತ್ತಿ ಎಳೆಯಲು ಒಂದು ಗೂಟ, ಮತ್ತು ಬ್ಯಾಟನ್ನು ಒತ್ತಿ ಹಿಡಿಯಲು ಸ್ವಂತ ಮೊಣಕಾಲು. ಇಷ್ಟೇ ಅವರ ಕಾರ್ಖಾನೆ. ಯುದ್ಧದ ಕಾಲದಲ್ಲಿ ನಾನು ಅವರ ಕೈಕೆಳಗೆ ಸೇರಿದೆ. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೆ ಅವರು ದಬ್ಬಣ, ಇಕ್ಕಳಗಳನ್ನು ನನಗೆ ಕೊಟ್ಟು ಆದವಾನಿಯ ಮಗಳ ಮನೆಗೆ ಹೋದರು. ಹೀಗೆ ಇಂಗ್ಲಿಷರಿಂದ ಅಧಿಕಾರ ಪಡೆದ ಮಹನೀಯರಲ್ಲಿ ನಾನೂ ಒಬ್ಬ.

ನಾನು ಖಾದರ್ ಸಾಬರ ಕಣ್ಣಿಗೆ ಬಿದ್ದದ್ದು ಅಪ್ಪನಿಂದಾಗಿ. ಅಪ್ಪ ಹೊನ್ನೂರಪ್ಪ ಕುರುಗೋಡಿನ ನಮ್ಮ ಕೇರಿಯಲ್ಲಿ ಕುರಿಯ ಕರುಳನ್ನು ಹೊಸೆದು ತಂತಿ ಮಾಡುತ್ತಿದ್ದ. ಹತ್ತಿ ಹಿಂಜುವ ಪಿಂಜಾರರ ಬಿಲ್ಲಿಗೆ ಅದೇ ತಂತಿ ಬೇಕು. ನಮ್ಮ ಸೀಮೆಯಲ್ಲಿ ಹತ್ತಿಗೆ ಬರವಿಲ್ಲ, ಹಾಗಾಗಿ ಪಿಂಜಾರರಿಗೂ ಬರವಿಲ್ಲ. ಅಪ್ಪ ತಂತಿಯ ಸುರುಳಿಗಳನ್ನು ಹೆಗಲಿಗೆ ಹಾಕಿಕೊಂಡು ಕೌಲ್ ಬಜಾರಿಗೆ ಬರುವಾಗ ನಾನೂ ಜೊತೆಗೆ ಬರುತ್ತಿದ್ದೆ. ಬ್ಯಾಟಿನ ತಂತಿಯೂ ಕುರಿಯ ಕರುಳಿನದೇ. ಆದರೆ ಅದು ಪಂಜಾಬಿನ ಕಡೆಯಿಂದ ಬಣ್ಣದ ಕಾಗದ ಸುತ್ತಿಕೊಂಡು ರೈಲಿನಲ್ಲಿ ಬರುತ್ತಿತ್ತು. ಅಪ್ಪನ ತಂತಿಗೆ ಕಾಗದವಿರಲಿಲ್ಲ, ವಾಸನೆ ಇತ್ತು. ಅಂತರ ಅಷ್ಟೇ ಎಂದು ಅಪ್ಪ ಹೇಳುತ್ತಿದ್ದ. ಅಷ್ಟೇ ಆಗಿರಲಿಲ್ಲ, ಅಪ್ಪನದು ದಪ್ಪ, ಒರಟು. ಆದರೆ ಅವನಿಗೆ ಹಾಗೆ ಹೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಇಂಗ್ಲಿಷರು ಬಿಟ್ಟುಹೋದ ಕ್ಲಬ್ಬಿಗೆ ವಕೀಲರೂ ಹತ್ತಿ ವ್ಯಾಪಾರಿಗಳೂ ಸೇರಿದರು. ಅಧ್ಯಕ್ಷರು ವಕೀಲ ಶೇಷಗಿರಿರಾಯರು. ಒಳ್ಳೆಯವರು. ಇದನ್ನು ನಾನು ವ್ಯಂಗ್ಯವಾಗಿ ಹೇಳುತ್ತಿಲ್ಲ, ಅದೇ ತೊಂದರೆ. ಕೆಟ್ಟವರಾಗಿದ್ದರೆ ಈ ಪ್ರಬಂಧ ಎರಡೇ ಮಾತಿನಲ್ಲಿ ಮುಗಿಯುತ್ತಿತ್ತು. ನನ್ನನ್ನು "ದುರುಗಪ್ಪ" ಎಂದು ಪೂರಾ ಹೆಸರು ಹಿಡಿದು ಕರೆಯುತ್ತಿದ್ದವರು ಆ ಕ್ಲಬ್ಬಿನಲ್ಲಿ ಅವರೊಬ್ಬರೇ. ನನಗೆ ಕಾಫಿ ಕೊಡಿಸುತ್ತಿದ್ದರು. ಲೋಟ ಮಾತ್ರ ಬೇಲಿಯ ಸಂದಿಯಲ್ಲಿ ಇರುತ್ತಿತ್ತು, ಕುಡಿದು ನಾನೇ ತೊಳೆದು ಅಲ್ಲೇ ಇಡಬೇಕು. ಅವರದು ಈರುಳ್ಳಿಯನ್ನೂ ಒಳಗೆ ತರದ ಮನೆ. ಬ್ಯಾಟಿನ ತಂತಿ ಎಂಥದ್ದು ಎಂದು ಅವರು ಕ್ಲಬ್ಬು ಸೇರಿದ ಹೊಸತರಲ್ಲಿ ಕೇಳಿದಾಗ, ಆಗಿನ್ನೂ ಬಳ್ಳಾರಿಯಲ್ಲಿದ್ದ ಖಾದರ್ ಸಾಬರು ಕಣ್ಣು ಮಿಟುಕಿಸದೆ, "ರೇಷ್ಮಿ ಐತ್ರೀ, ಅಸಲಿ ರೇಷ್ಮಿ" ಎಂದಿದ್ದರಂತೆ. ರಾಯರು ಇನ್ನೊಮ್ಮೆ ಕೇಳಲಿಲ್ಲ. ಇಂಗ್ಲಿಷಿನಲ್ಲಿ ಆ ತಂತಿಯ ಹೆಸರೇ ಕರುಳು. ರಾಯರು ಇಂಗ್ಲಿಷಿನಲ್ಲಿ ಜಡ್ಜಿಗಳಿಗೇ ಬೆವರಿಳಿಸುತ್ತಿದ್ದವರು, ಮತ್ತು ದಿನವೂ ಆ ಹೆಸರನ್ನೇ ಹೇಳಿ "ಇದು ಸಡ್ಲಾಗ್ಯದ ನೋಡು" ಎಂದು ಬ್ಯಾಟನ್ನು ನನ್ನ ಮುಂದೆ ನೆಲದ ಮೇಲೆ ಇಡುತ್ತಿದ್ದರು. ಆದರೂ ಅದು ರೇಷ್ಮೆಯಾಗಿಯೇ ಉಳಿದಿತ್ತು. ಆಡುವ ಅಂಗಳವನ್ನಂತೂ ದಿನಾ ಸೆಗಣಿಯಿಂದ ಸಾರಿಸುತ್ತಿದ್ದರು. ಕೆಳಗೆ ಅಷ್ಟು ಮಡಿ ಇದ್ದ ಮೇಲೆ ಮೇಲಿನ ವಿಚಾರವನ್ನು ಯಾರು ತೆಗೆಯುತ್ತಾರೆ?

ಹೀಗಿರುವಾಗ ಕ್ಲಬ್ಬಿನವರಿಗೆ ದೊಡ್ಡ ಪಂದ್ಯ ನಡೆಸುವ ಹುಮ್ಮಸ್ಸು ಬಂತು. ಬಳ್ಳಾರಿ ಯಾವ ಪ್ರಾಂತ್ಯಕ್ಕೆ ಸೇರಬೇಕು ಎಂದು ಬೀದಿಬೀದಿಯಲ್ಲಿ ಕನ್ನಡದವರೂ ತೆಲುಗಿನವರೂ ವಾದಿಸುತ್ತಿದ್ದ ಕಾಲ ಅದು. ಟೆನಿಸ್ ವಿಷಯದಲ್ಲಿ ಮಾತ್ರ ಇಬ್ಬರಿಗೂ ಒಮ್ಮತವಿತ್ತು. ಮದರಾಸು, ಕಲ್ಕತ್ತಗಳಿಂದ ಆಟವನ್ನೇ ಹೊಟ್ಟೆಪಾಡು ಮಾಡಿಕೊಂಡ ಹೆಸರಾಂತ ಆಟಗಾರರನ್ನು ಕರೆಸುವುದೆಂದಾಯಿತು. ಅಂಥವರು ಬಲವಾಗಿ ಹೊಡೆಯುತ್ತಾರೆ, ತಂತಿ ಪಟಪಟ ಹರಿಯುತ್ತದೆ, ಆದ್ದರಿಂದ ಆಟದುದ್ದಕ್ಕೂ ತಂತಿ ಕಟ್ಟುವವನು ಅಲ್ಲೇ ಕೂತಿರಬೇಕು. ಆ ಕೆಲಸ ನನಗೆ. ನಾನು ಹೊಸ ತಂತಿಗೆ ಪಂಜಾಬಿಗೆ ಹೇಳಿ ಕಳಿಸಿದೆ. ಪಂದ್ಯಕ್ಕೆ ಇನ್ನೂ ಮೂರು ವಾರವಿರುವಾಗ ಪಾರ್ಸೆಲ್ ಬಂತು. ಬಿಚ್ಚಿ ನೋಡಿದರೆ ಬಣ್ಣದ ಕಾಗದದ ಒಳಗೆ ಹುಳ ಮೇಯ್ದ ಪುಡಿ. ದಾರಿಯುದ್ದಕ್ಕೂ ಹುಳಗಳು ಹಬ್ಬ ಮಾಡಿಕೊಂಡು ಬಂದಿದ್ದವು. ಮತ್ತೆ ತರಿಸಲು ಹೊತ್ತಿಲ್ಲ. ಮದರಾಸಿನ ಅಂಗಡಿಯವರು ತಮಗೇ ಸಾಲದು ಎಂದರು.

ಸುದ್ದಿ ಕೇಳಿ ರಾಯರ ಮುಖ ಸಣ್ಣದಾಯಿತು. ಕ್ಲಬ್ಬಿನ ಮೆಟ್ಟಿಲ ಮೇಲೆ ನಿಂತು, ಕೆಳಗೆ ನಿಂತಿದ್ದ ನನಗೆ ಮೆಲ್ಲಗೆ ಹೇಳಿದರು. "ದುರುಗಪ್ಪ, ಹೆಂಗರೆ ಮಾಡಿ ತಂತಿ ಹುಟ್ಟಸು. ಊರಿನ ಮರ್ಯಾದಿ ಪ್ರಶ್ನೆ ಅದ. ಎಲ್ಲಿಂದ ತರ್ತಿ, ಹೆಂಗ ತರ್ತಿ, ನಾ ಕೇಳಂಗಿಲ್ಲ." ಅವರು ಕೇಳುವುದಿಲ್ಲ ಎಂಬುದು ನನಗೆ ಮೊದಲೇ ಗೊತ್ತಿತ್ತು. ಆದರೂ ಒಬ್ಬ ವಕೀಲರು ಬಾಯಿಬಿಟ್ಟು ಕೊಟ್ಟ ಮಾತು ಎಂದು ಹೆಮ್ಮೆಯಿಂದ ಮನೆಗೆ ತಂದೆ.

ತಂತಿ ಹುಟ್ಟಿಸುವುದೆಂದರೆ ಕುರಿ ಹುಟ್ಟಬೇಕು, ಮತ್ತು ಸಾಯಬೇಕು. ಹುಲಿಗೆಮ್ಮನ ತವರು ಸಿರುಗುಪ್ಪ. ಅವಳ ಅಣ್ಣ ಮಾರೆಪ್ಪ ಅಲ್ಲಿಯ ಸಂತೆಯಲ್ಲಿ ಕುರಿ ಕಡಿಯುವವರ ಜೊತೆ ಕೆಲಸ ಮಾಡುತ್ತಿದ್ದ. ಹೆಂಡತಿಯನ್ನೂ ಕರೆದುಕೊಂಡು ಹೋದೆ. ತವರಿಗೆ ಹೋಗೋಣ ಎಂದಾಗ ಅವಳು ಹೊಸ ಸೀರೆ ಉಟ್ಟಳು. ಯಾತಕ್ಕೆ ಎಂಬುದನ್ನು ನಾನು ಸಿರುಗುಪ್ಪ ತಲುಪಿದ ಮೇಲೆ ಹೇಳಿದೆ. ಅವಳು ಅಲ್ಲೇ ಸೀರೆ ಬದಲಿಸಿ, ಸೆರಗು ಬಿಗಿದುಕೊಂಡು, "ನಡೀರಿ. ಕುರಿ ಸತ್ತು ಸುಖವಾಗೈತಿ. ಬದುಕಿದವ್ರು ಅದರ ಕಳ್ಳು ತೊಳೀಬೇಕಲ್ಲ" ಎಂದಳು. ನಮ್ಮ ಕಡೆ ಕರುಳಿಗೆ ಕಳ್ಳು ಎನ್ನುತ್ತಾರೆ.

ಮಾರೆಪ್ಪ ಕೊಡಿಸಿದ ಕರುಳನ್ನು ಗಾಡಿಯಲ್ಲಿ ಹಾಕಿಕೊಂಡು ಕೆಂಚನಗುಡ್ಡದ ಹತ್ತಿರ ತುಂಗಭದ್ರೆಗೆ ಇಳಿದೆವು. ಊರವರು ನೀರು ತುಂಬುವ ಕಡೆ ನಮಗೆ ಜಾಗವಿಲ್ಲ, ದನ ಮೈತೊಳೆಯುವ ಕಡೆಯೂ ಇಲ್ಲ. ಎಲ್ಲರಿಗಿಂತ ಕೆಳಗಿನ ನೀರು ನಮ್ಮದು. ನಮಗಿಂತ ಕೆಳಗೆ ಮೀನುಗಳು ಮಾತ್ರ ಇದ್ದವು, ಅವು ತಕರಾರು ಮಾಡಲಿಲ್ಲ. ಕರುಳನ್ನು ಹೊರಳಿಸಿ, ತೊಳೆದು, ಬಿದಿರಿನ ಚಕ್ಕೆಯಿಂದ ಕೊಬ್ಬು ಹೆರೆದು ತೆಗೆಯಬೇಕು. ಹುಲಿಗೆಮ್ಮ ಒಂದೂ ಮಾತಾಡದೆ ಹೆರೆದಳು. ಅವಳು ಬೈಯದೆ ಇದ್ದರೆ ನನಗೆ ಭಯ. ಮಧ್ಯಾಹ್ನದ ಬಿಸಿಲಿಗೆ ತಲೆಯ ಮೇಲೆ ಸೆರಗು ಎಳೆದುಕೊಂಡು ಕಡೆಗೆ ಕೇಳಿದಳು. "ಇದನ್ನ ಹಿಡಕೊಂಡು ಆಡಾವ್ರು ಯಾರು?" "ವಕೀಲ್ರು, ಸಾಹುಕಾರ್ರು" ಎಂದೆ. "ನಮ್ಮನ್ನ ಒಳಗ ಬಿಡದವ್ರು?" ಎಂದಳು. "ಹೂಂ." "ಕುರೀಗೆ ಪುಣ್ಯ ಐತಿ" ಎಂದು ಮತ್ತೆ ಹೆರೆಯತೊಡಗಿದಳು.

ತೊಳೆದ ಕರುಳನ್ನು ಚೌಳು ನೀರಿನ ಮಡಕೆಯಲ್ಲಿ ನೆನೆಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಸಿರಿಗೇರಿಯ ಮೇಲೆ ಹೋಗುವ ಬಸ್ಸು ಹತ್ತಿ ಕುರುಗೋಡಿಗೆ ಹೊರಟೆವು. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಸ್ಸು ಹೊರಟು ಮಡಕೆ ಸ್ವಲ್ಪ ಕುಲುಕಿದ ಮೇಲೆ ಹಿಂದಿನ ಬೆಂಚು ಪೂರಾ ಖಾಲಿಯಾಯಿತು. ಜನ ತಾವಾಗಿಯೇ ಎದ್ದು, ಮೂಗಿಗೆ ಟವೆಲ್ ಹಿಡಿದು, ಮುಂದಕ್ಕೆ ಒತ್ತಿಕೊಂಡರು. ನಾವಿಬ್ಬರೂ ಕಾಲು ಚಾಚಿ ಕೂತೆವು. ನಮ್ಮಿಂದ ದೂರ ಸರಿಯುವವರನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಅಂದು ಮಾತ್ರ ಅವರ ಹತ್ತಿರ ನ್ಯಾಯವಾದ ಕಾರಣವಿತ್ತು, ಆದ್ದರಿಂದ ನನಗೆ ಬೇಸರವಾಗಲಿಲ್ಲ. ಕಂಡಕ್ಟರ್ ಮಡಕೆಯಲ್ಲಿ ಏನು ಎಂದು ಕೇಳಿದಾಗ ಹುಲಿಗೆಮ್ಮ, "ಬಳ್ಳಾರಿ ವಕೀಲ್ರ ಆಟದ ಸಾಮಾನು" ಎಂದಳು. ಅವನು ಹೌದೆ ಎಂದು ಗೌರವದಿಂದ ಇನ್ನಷ್ಟು ದೂರ ನಿಂತ.

ಅಪ್ಪನಿಗೆ ಆಗ ಕಣ್ಣು ಮಂಜಾಗಿತ್ತು, ಕೆಲಸ ಕಡಿಮೆ ಮಾಡಿದ್ದ. ಮಡಕೆಯ ಬಟ್ಟೆ ಬಿಚ್ಚುತ್ತಲೇ ಅವನಿಗೆ ಹತ್ತು ವರ್ಷ ಇಳಿದುಹೋಯಿತು. ಎಷ್ಟು ಸಣ್ಣಗೆ ಬೇಕು ಎಂದು ಕೇಳಿದ. ನಾನು ಹಳೆಯ ತಂತಿಯ ತುಂಡು ಕೊಟ್ಟೆ. ಅದನ್ನು ಬೆರಳ ನಡುವೆ ಹೊರಳಿಸಿ, "ಇದೇನಲೇ, ಹೆಣ್ಮಕ್ಕಳ ಕೂದಲಿದ್ದಂಗ ಐತಿ" ಎಂದು ನಕ್ಕ. ಮೊದಲು ಹೊಸೆದದ್ದೆಲ್ಲ ದಪ್ಪವಾಯಿತು, ಅಪ್ಪ ಅದನ್ನು ಬೈದುಕೊಂಡು ಪಿಂಜಾರರಿಗೆಂದು ತೆಗೆದಿಟ್ಟ. ಎರಡನೆಯ ಸಲ ಹರಿಯಿತು. ಹಿತ್ತಲಲ್ಲಿ ಎರಡು ಗೂಟಗಳ ನಡುವೆ ಹಸಿ ತಂತಿಯನ್ನು ಬಿಗಿದು, ಒಂದು ತುದಿಯಲ್ಲಿ ಅವನು, ಇನ್ನೊಂದು ತುದಿಯಲ್ಲಿ ನಾನು ಹೊಸೆಯುತ್ತ ಹೋದೆವು. ನಾಯಿಗಳನ್ನು ಓಡಿಸುವ ಕೆಲಸ ಹುಲಿಗೆಮ್ಮನದು. ಕೊನೆಗೆ ಬಿಸಿಲಿಗೆ ಒಣಗಿ ಜೇನಿನ ಬಣ್ಣಕ್ಕೆ ಬಂದ ತಂತಿಯನ್ನು ಅಪ್ಪ ಬಟ್ಟೆಯಿಂದ ಉಜ್ಜಿ ಬೆರಳಿನಿಂದ ಮೀಟಿದ. ಅದು ಸಣ್ಣಗೆ ಹಾಡಿತು. "ನಾನೂ ಬರ್ತೀನಲೇ ಬಳ್ಳಾರಿಗೆ. ಅದನ್ನ ಹೆಂಗ ಹೊಡೀತಾರೋ ನೋಡಬೇಕು" ಎಂದ. ಬೇಡ ಎನ್ನಬೇಕೆಂದು ನನ್ನ ನಾಲಿಗೆಯ ತುದಿಯವರೆಗೆ ಬಂತು. ಒಳಗೆ ಬಿಡುವುದಿಲ್ಲವಲ್ಲ ಎಂಬ ಯೋಚನೆ. ಆಮೇಲೆ, ಬೇಲಿಯಾಚೆ ನಾನು ಕೆಲಸಕ್ಕೆ ಕೂರುವ ಬೇವಿನ ಮರದ ಕೆಳಗೆ ನನ್ನ ಪಕ್ಕದಲ್ಲೇ ಕೂರಲಿ, ಅದು ಹೇಗೂ ಹೊರಗೇ ಅಲ್ಲವೆ, ಎಂದು ಸುಮ್ಮನಾದೆ.

ಕಲ್ಕತ್ತದಿಂದ ಬಂದವನ ಹೆಸರು ದತ್ತ. ಎತ್ತರದ ಆಳು, ಮೂಗಿನ ಮೇಲೆ ಬಿಸಿಲಿಗೆ ಸಿಪ್ಪೆ ಎದ್ದಿತ್ತು. ಬಳ್ಳಾರಿಯ ಒಣ ಗಾಳಿಗೆ ಅವನು ತಂದ ಬ್ಯಾಟುಗಳ ತಂತಿಗಳು ಒಂದರ ಹಿಂದೊಂದು ಹರಿದವು. ಅವನು ನೇರವಾಗಿ ಬೇವಿನ ಮರದ ಹತ್ತಿರ ಬಂದು, ನಾನು ಏಳುವುದರೊಳಗೆ ನನ್ನ ಎದುರಿಗೇ ಕುಕ್ಕರಗಾಲಲ್ಲಿ ಕೂತ. ಅಪ್ಪನ ತಂತಿಯನ್ನು ಎಳೆದು ನೋಡಿ ಹಿಂದುಸ್ತಾನಿಯಲ್ಲಿ "ಯೆ ಕಹಾಂ ಕಾ ಮಾಲ್ ಹೈ?" ಎಂದು ಕೇಳಿದ. ಎಲ್ಲಿಯ ಸರಕು ಎಂದು ಆ ಕ್ಲಬ್ಬಿನಲ್ಲಿ ಮೊಟ್ಟಮೊದಲು ಕೇಳಿದವನು ಅವನು. "ಘರ್ ಕಾ ಹೈ ಸಾಬ್" ಎಂದೆ, ಮನೆಯದು ಎಂದು; ಅಪ್ಪನನ್ನು ತೋರಿಸಿ ಕುರಿಯ, ಹೊಳೆಯ ಕಥೆಯನ್ನೂ ಹೇಳಿದೆ.

ಅವನು ಎದುರಿಗೇ ಕೂತು ನೋಡುತ್ತಿದ್ದುದರಿಂದ ಅವಸರ ಮಾಡಿದೆ. ಕಟ್ಟಿಕೊಟ್ಟ ಮೊದಲ ಬ್ಯಾಟನ್ನು ಅವನು ಅಂಗೈಗೆ ಬಡಿದು ನೋಡಿ, ತಲೆ ಅಲ್ಲಾಡಿಸಿ, ನನ್ನದೇ ಕತ್ತರಿ ತೆಗೆದುಕೊಂಡು ನಡುವಿನಿಂದ ಕಚಕಚ ಕತ್ತರಿಸಿಬಿಟ್ಟ. ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಕಟ್ಟಿದ್ದೆ. ಅಪ್ಪನಿಗೆ ಕಾಣಿಸಲಿಲ್ಲ, ಸದ್ದು ಮಾತ್ರ ಕೇಳಿಸಿತು. "ಏನಲೇ ಅದು?" ಎಂದ. "ಏನಿಲ್ಲಪಾ, ಹಳೇ ತಂತಿ ತೆಗ್ಯಾಕತ್ತಾರ" ಎಂದೆ. ಎರಡನೆಯದನ್ನು ಹಲ್ಲು ಕಚ್ಚಿಕೊಂಡು ಕಟ್ಟಿದೆ. ಅದನ್ನು ಅವನು ಕತ್ತರಿಸಲಿಲ್ಲ. ಬಡಿದು ನೋಡಿ, ಕಿವಿಯ ಹತ್ತಿರ ಹಿಡಿದು ಮೀಟಿ, ಅಂಗಳಕ್ಕೆ ನಡೆದ. ನಂತರದ ಪಂದ್ಯಗಳನ್ನೆಲ್ಲ ಅದೇ ತಂತಿಯಲ್ಲಿ ಆಡಿದ. ಚೆಂಡು ತಗುಲಿದಾಗಲೆಲ್ಲ ಬೇವಿನ ಮರದ ಕೆಳಗೆ ಅಪ್ಪ ತಲೆಯೆತ್ತುತ್ತಿದ್ದ. "ಇದು ನಮ್ಮದು," ಎನ್ನುತ್ತಿದ್ದ. ಎದುರಿನವನು ಹೊಡೆದಾಗ "ಇದಲ್ಲ." ಆಟ ಗೊತ್ತಿಲ್ಲ, ಅಂಕಿ ಗೊತ್ತಿಲ್ಲ, ಗೆಲುವು ಯಾರದು ಎಂಬುದೂ ಬೇಕಿಲ್ಲ, ಅವನು ತನ್ನ ತಂತಿಯ ದನಿಯೊಂದನ್ನೇ ಹಿಂಬಾಲಿಸುತ್ತಿದ್ದ. ನನ್ನ ಜೀವನದಲ್ಲಿ ಅಷ್ಟು ಸುಖದ ದಿನಗಳು ಬಹಳ ಇಲ್ಲ.

ದತ್ತ ಗೆದ್ದ. ಕಡೆಯ ದಿನ ಸಂಜೆ ಬಹುಮಾನ ಕೊಡುವ ಸಭೆ. ಊರೆಲ್ಲ ಸೇರಿತ್ತು, ಕುರ್ಚಿಯ ಮೇಲೆ ಕ್ಲಬ್ಬಿನವರು, ಹಗ್ಗದ ಆಚೆ ಕೌಲ್ ಬಜಾರು. ದತ್ತನ ಹಿಂದುಸ್ತಾನಿಯನ್ನು ಕನ್ನಡಕ್ಕೆ ತಿರುಗಿಸಿ ಹೇಳಲು ರಾಯರೇ ಮೈಕಿನ ಹತ್ತಿರ ನಿಂತರು. ಊರು ಚೆನ್ನಾಗಿದೆ ಎಂದ, ರಾಯರು ಹೇಳಿದರು. ಊಟ ಚೆನ್ನಾಗಿತ್ತು ಎಂದ, ಹೇಳಿದರು. ಆಮೇಲೆ ಅವನು ತನ್ನ ಬ್ಯಾಟನ್ನು ಮೇಲೆತ್ತಿ ಹಿಡಿದ. ನಾನು ಎಷ್ಟೋ ದೇಶದಲ್ಲಿ ಆಡಿದ್ದೇನೆ, ಇಂಥ ತಂತಿ ನನಗೆ ಸಿಕ್ಕಿದ್ದು ಇಲ್ಲೇ, ಎಂದ. ನಿಮ್ಮ ನದಿಯ ದಡದ ಕುರಿಯ ಕರುಳು, ಆ ಮರದ ಕೆಳಗಿರುವ ಮುದುಕನ ಕೈ, ಅವನ ಮಗನ ಕೈ. ಈ ಕ್ಲಬ್ಬಿನ ಪ್ರತಿ ಬ್ಯಾಟಿನಲ್ಲೂ ಇಂಥದೇ ಇದೆ, ನೀವೆಲ್ಲ ಪುಣ್ಯವಂತರು, ಎಂದ. ರಾಯರು ಒಂದು ಕ್ಷಣ ಮೈಕನ್ನು ನೋಡಿದರು. ಆಮೇಲೆ "ನಮ್ಮ ಊರಿನ ತಂತಿ ಬಹಳ ಉತ್ತಮವಾಗಿದೆ ಎಂದು ಶ್ರೀಯುತರು ಮೆಚ್ಚಿಕೊಂಡಿದ್ದಾರೆ" ಎಂದರು. ಹಗ್ಗದ ಆಚೆಯಿಂದ ಪಿಂಜಾರ ಹುಸೇನಪ್ಪ, ಕೆಟ್ಟ ಮನಸ್ಸಿನಿಂದಲ್ಲ, ಸಹಾಯ ಮಾಡೋಣ ಎಂದೇ ಕೂಗಿದ. "ರಾಯರ, ಅವ್ರು ಕುರಿ ಕಳ್ಳು ಅಂದ್ರು. ಅದೊಂದು ಮಾತು ಬಿಟ್ರಿ ನೋಡ್ರಿ."

ಹಗ್ಗದ ಆಚೆ ನಗು ಎದ್ದಿತು. ಕುರ್ಚಿಯ ಮೇಲೆ ಕೂತಿದ್ದವರು ತಮ್ಮ ತೊಡೆಯ ಮೇಲಿದ್ದ ಬ್ಯಾಟುಗಳನ್ನು ಮೆಲ್ಲಗೆ ಕೆಳಗಿಟ್ಟದ್ದನ್ನು ನಾನು ಕಣ್ಣಾರೆ ಕಂಡೆ. ದತ್ತನಿಗೆ ಏನೂ ತಿಳಿಯಲಿಲ್ಲ. ನಗು ಕೇಳಿ ಹುರುಪು ಹೆಚ್ಚಿತು. ತಾನೇ ಬೇವಿನ ಮರದವರೆಗೆ ನಡೆದು ಬಂದು ಅಪ್ಪನ ಕೈ ಹಿಡಿದು ವೇದಿಕೆಗೆ ಕರೆದುಕೊಂಡು ಹೋದ. ನಾನು ಹಿಂದೆ ಹೋದೆ. ವೇದಿಕೆಯ ಮೇಲೆ ತನಗೆ ಹಾಕಿದ್ದ ಹಾರವನ್ನು ತೆಗೆದು ರಾಯರ ಕೈಗೆ ಕೊಟ್ಟು, ನೀವೇ ಹಾಕಿ, ಈ ಊರಿನ ದೊಡ್ಡವರು ನೀವು, ಎಂದ. ರಾಯರು ಹಾರ ಹಿಡಿದು ನಿಂತರು. ಎದುರಿಗೆ ಅಪ್ಪ ತಲೆ ಬಗ್ಗಿಸಿ ನಿಂತಿದ್ದ, ಹಾರ ಹಾಕಿಸಿಕೊಳ್ಳಲು ಹೇಗೆ ನಿಲ್ಲಬೇಕೆಂದು ಯಾರೂ ಹೇಳಿಕೊಡದಿದ್ದರೂ ಸರಿಯಾಗಿಯೇ ನಿಂತಿದ್ದ. ಆಗ ರಾಯರು ನನ್ನ ಕಡೆ ತಿರುಗಿ, ಮೆಲ್ಲಗೆ, ನಗುಮುಖದಿಂದ ಹೇಳಿದರು. "ದುರುಗಪ್ಪ, ನಿಮ್ಮಪ್ಪಗ ನೀನೇ ಹಾಕು. ಮಗ ಹಾಕಿದ್ರ ಛಂದ ಕಾಣ್ತದ." ನಾನು ಕೈ ಒಡ್ಡಿದೆ. ಅವರು ಹಾರವನ್ನು ಒಂದು ಗೇಣು ಮೇಲಿನಿಂದ ನನ್ನ ಕೈಗೆ ಬಿಟ್ಟರು.

ಹಾಕಿದೆ. ಜೋರಾಗಿ ಚಪ್ಪಾಳೆ ಬಿತ್ತು. ಅಪ್ಪನಿಗೆ ಮಗ ಹಾರ ಹಾಕುವುದು ಎಂಥ ಸುಂದರ ದೃಶ್ಯ ಎಂದು ಕೆಲವರು ಕಣ್ಣು ಒರೆಸಿಕೊಂಡರಂತೆ. ಅಪ್ಪನ ಮಂಜುಗಣ್ಣಿಗೆ ಹಾಕಿದ ಕೈ ಯಾರದೆಂದು ತಿಳಿಯಲಿಲ್ಲ. ದಾರಿಯಲ್ಲಿ ಹಾರವನ್ನು ಕೊರಳಿನಿಂದ ತೆಗೆಯದೆ ನಡೆಯುತ್ತ, "ಭಾಳ ದೊಡ್ಡ ಮನುಷ್ಯ ನಿಮ್ಮ ರಾಯರು. ಅಷ್ಟು ಮಂದ್ಯಾಗ ನನಗ ಹಾರ ಹಾಕಿದ್ರಲ್ಲಲೇ" ಎಂದ. ಹಗ್ಗದ ಆಚೆ ನಿಂತು ಎಲ್ಲವನ್ನೂ ಕಂಡಿದ್ದ ಹುಲಿಗೆಮ್ಮ ನನ್ನ ಮುಖ ನೋಡಿದಳು. ನಾನು "ಹೌದಪಾ" ಎಂದೆ.

ಮುಂದಿನ ವಾರ ರಾಯರು ಕರೆಸಿದರು. ಯಾರೂ ಬೈಯಲಿಲ್ಲ, ಕಾಫಿಯೂ ಬಂತು. "ನಮ್ಮ ಕ್ಲಬ್ಬಿಗೆ ಮದರಾಸಿಂದ ನೈಲಾನ್ ತಂತಿ ತರಸ್ತೀವಿ, ದುರುಗಪ್ಪ. ಕೆಲವು ಮೆಂಬರು ಭಾಳ ಬೇಜಾರು ಮಾಡ್ಕೊಂಡಾರ" ಎಂದರು. "ನಿಮಗ ಗೊತ್ತಿರಲಿಲ್ಲೇನ್ರಿ ರಾಯರ?" ಎಂದು ಕೇಳಿಯೇಬಿಟ್ಟೆ. ಅಷ್ಟು ವರ್ಷದಲ್ಲಿ ಅವರನ್ನು ನಾನು ಕೇಳಿದ ಪ್ರಶ್ನೆ ಅದೊಂದೇ. ಅವರು ಸುಳ್ಳು ಹೇಳಲಿಲ್ಲ. "ಗೊತ್ತಿರಲಿಲ್ಲ ಅಂತ ಅಲ್ಲಪ್ಪ. ನನಗ ಗೊತ್ತದ ಅನ್ನೋದು ಈಗ ಎಲ್ಲಾರಿಗೂ ಗೊತ್ತಾತಲ್ಲ, ಅದು ತ್ರಾಸು" ಎಂದರು. ಸರಿ, ನೈಲಾನನ್ನೇ ಕಟ್ಟುತ್ತೇನೆ, ಅದಕ್ಕೇನು ಕುರಿ ಬೇಕಿಲ್ಲವಲ್ಲ, ಎಂದೆ. ರಾಯರು ಅಂಗಳದ ಕಡೆ ನೋಡುತ್ತ, "ತಂತಿ ಬದಲಾಗ್ತದಪ್ಪ. ಮಂದಿ ಕೈ ನೋಡ್ತಾರ" ಎಂದರು. ಕಡೆಯದಾಗಿ ಒಂದು ಕೆಲಸ ಕೊಟ್ಟರು: ಕ್ಲಬ್ಬಿನ ಎಲ್ಲ ಬ್ಯಾಟುಗಳಿಂದ ಹಳೆಯ ತಂತಿಯನ್ನು ಕತ್ತರಿಸಿ ತೆಗೆಯುವುದು. ಅದಕ್ಕೆ ಬೇರೆ ಯಾರೂ ಒಪ್ಪಿರಲಿಲ್ಲ. ನಾನು ಕಟ್ಟಿದ್ದನ್ನೆಲ್ಲ ನಾನೇ ಕತ್ತರಿಸಿದೆ. ಬಿಗಿಯಾಗಿ ಕಟ್ಟಿದ ತಂತಿ ಕತ್ತರಿಸಿದಾಗ ಠಣ್ ಎಂದು ಹಾರಿ ಮುಖಕ್ಕೆ ಹೊಡೆಯುತ್ತದೆ. ಒಳ್ಳೆಯ ಕೆಲಸ ಮಾಡಿದ್ದೆ ಎಂದು ಗೊತ್ತಾದದ್ದು ಆಗ.

ಅಪ್ಪನಿಗೆ ಇದನ್ನು ಹೇಳಲಿಲ್ಲ. ಅವನು ಮುಂದಿನ ವರ್ಷದ ಪಂದ್ಯಕ್ಕೆಂದು ಕೂದಲಿನಷ್ಟು ಸಣ್ಣಗೆ ತಂತಿ ಹೊಸೆಯುತ್ತ ಹೋದ. ಬಿಲ್ಲಿಗೆ ಅಷ್ಟು ಸಣ್ಣದು ನಿಲ್ಲುವುದಿಲ್ಲ. ಮೂರು ಎಳೆ ಸೇರಿಸಿ ಹೊಸೆದುಕೊಳ್ಳುತ್ತೇನೆ ಎಂದು ಪಿಂಜಾರ ಹುಸೇನಪ್ಪನೇ ತೆಗೆದುಕೊಂಡ. ಅಂದು ಕೂಗಿದ್ದಕ್ಕೆ ಅವನಿಗೆ ಒಳಗೊಳಗೇ ಕಸಿವಿಸಿ ಇತ್ತು. ಆ ತಂತಿಯಿಂದ ಹಿಂಜಿದ ಹತ್ತಿಯ ಹಾಸಿಗೆಗಳು ರಾಯರ ಮನೆಗೂ ಹೋದವು, ಬೇಜಾರು ಮಾಡಿಕೊಂಡ ಮೆಂಬರುಗಳ ಮನೆಗೂ ಹೋದವು. ಅವರೆಲ್ಲ ಅದರ ಮೇಲೆ ಸುಖವಾಗಿ ಮಲಗಿದರು. ಹಾಸಿಗೆಯ ವಿಷಯದಲ್ಲಿ ಇದುವರೆಗೆ ಯಾರೂ ಮೈಕಿನಲ್ಲಿ ಭಾಷಣ ಮಾಡಿಲ್ಲ. ಅಪ್ಪ ಎರಡು ವರ್ಷದ ಮೇಲೆ ತೀರಿಕೊಂಡ. ಕೇರಿಯಲ್ಲಿ ಯಾರು ಸಿಕ್ಕರೂ ರಾಯರು ಹಾರ ಹಾಕಿದ ಕಥೆ ಹೇಳುತ್ತಿದ್ದ, ಹೇಳುತ್ತ ಹೇಳುತ್ತ ಅದರಲ್ಲಿ ರಾಯರು ಅವನನ್ನು ತಬ್ಬಿಕೊಂಡೂ ಆಗಿತ್ತು.

ಇಷ್ಟರಲ್ಲಿ ನನಗೊಂದು ಸರಕಾರಿ ಕೆಲಸ ಸಿಕ್ಕಿತು. ಸಿರುಗುಪ್ಪದ ತಾಲೂಕು ಕಚೇರಿಯಲ್ಲಿ ಜವಾನ. ಸಾಹೇಬರ ಕೋಣೆಯ ಹೊರಗೆ ಒಂದು ಸ್ಟೂಲು, ಕರೆದಾಗ ಏಳುವುದು. ಅಲ್ಲಿಗೆ ಒಂದು ಮಾತು ಹೇಳಿ ಅದನ್ನು ಕೊಡಿಸಿದವರು ಯಾರೆಂದರೆ, ಶೇಷಗಿರಿರಾಯರು. ನಾನು ಕೇಳಿರಲಿಲ್ಲ, ಅವರೂ ಹೇಳಿಕೊಳ್ಳಲಿಲ್ಲ, ಕಚೇರಿಯವರಿಂದ ತಿಳಿಯಿತು. ನನಗೆ ಬಹಳ ಸಿಟ್ಟು ಬಂತು. ಮನಸ್ಸಿನಲ್ಲಿ ಅವರನ್ನು ಬೈಯುವುದೊಂದು ನನ್ನ ಸ್ವಂತದ ಆಸ್ತಿಯಾಗಿತ್ತು. ಈಗ ಬೈಯಬೇಕಾದರೆ ಅವರು ಕೊಡಿಸಿದ ಸ್ಟೂಲಿನ ಮೇಲೆ ಕೂತು ಬೈಯಬೇಕು. ಬಿಡೋಣ ಎಂದರೆ ಹುಲಿಗೆಮ್ಮ, "ಮನ್ಯಾಗ ವಾಸನಿ ಇಲ್ಲ, ಬಾಗಲಿಗೆ ನಾಯಿ ಬರಂಗಿಲ್ಲ. ಸಿಟ್ಟು ಇದ್ರ ಇರ್ಲಿ, ಕೆಲ್ಸಾನೂ ಇರ್ಲಿ" ಎಂದಳು. ಆದರೂ ಎಂದಾದರೊಂದು ದಿನ ಅವರು ಎದುರಿಗೆ ಸಿಕ್ಕರೆ ಕೇಳಲೇಬೇಕು ಎಂದು ನಾಲ್ಕು ಮಾತು ಜೋಡಿಸಿ ಇಟ್ಟುಕೊಂಡಿದ್ದೆ. ಒಳ್ಳೆಯ ಮಾತುಗಳು. ದಿನಾ ಸ್ಟೂಲಿನ ಮೇಲೆ ಕೂತು ಅವಕ್ಕೆ ಸಾಣೆ ಹಿಡಿಯುತ್ತಿದ್ದೆ.

ಒಂದು ದಿನ ರಾಯರು ಯಾವುದೋ ಜಮೀನಿನ ತಕರಾರಿಗೆ ನಮ್ಮ ಕಚೇರಿಗೆ ಬಂದರು. ವಯಸ್ಸಾಗಿತ್ತು, ಟೆನಿಸ್ ಬಿಟ್ಟಿದ್ದರು, ಕೈಯಲ್ಲಿ ಕೋಲು. ನಾನು ಮಾತುಗಳನ್ನು ಬಾಯಿಗೆ ತಂದುಕೊಂಡೆ. ಅಷ್ಟರಲ್ಲಿ ಕಾಲುಗಳು ನನ್ನನ್ನು ಕೇಳದೆ ಎದ್ದು ನಿಂತವು, ಕೈಗಳು ಮುಗಿದವು. ರಾಯರು ಗುರುತು ಹಿಡಿದರು. ನನ್ನ ಭುಜದ ಮೇಲೆ ಕೈಯಿಟ್ಟರು. ಹೊಸ್ತಿಲು ದಾಟಲು ಆಸರೆಗೆ ಇಟ್ಟರೋ, ಬೇಕೆಂದೇ ಇಟ್ಟರೋ ಹೇಳಲಾರೆ. "ಕೂಡಪ್ಪ ದುರುಗಪ್ಪ, ಕೂಡು. ನನಗ್ಯಾಕ ಏಳ್ತಿ" ಎಂದು ಒಳಗೆ ಹೋದರು. ನನಗೆ ಎಷ್ಟು ಸಂತೋಷವಾಯಿತೆಂದರೆ, ಸಂಜೆ ಮನೆಗೆ ಹೋದವನು ಚಪ್ಪಲಿ ಬಿಡುವ ಮೊದಲೇ ಹುಲಿಗೆಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವರು ಮುಟ್ಟಿದರು ಎಂದೆ, ಹೆಸರು ಹಿಡಿದು ಕರೆದರು ಎಂದೆ, ಕೂಡು ಎಂದರು ಎಂದೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ ಕೇಳಿದಳು.

"ನೀವೇನು ಅಂದ್ರಿ?"

"ಏನೂ ಅನ್ನಲಿಲ್ಲ."

"ಅವ್ರು ಕೂಡು ಅಂದ್ರು, ನೀವು ಕುಂತ್ರಿ."

ಹೌದು, ಕೂತೆ. ನಿವೃತ್ತಿಯಾಗುವವರೆಗೂ ಅಲ್ಲೇ ಕೂತಿದ್ದೆ.